ಎರಡು ಟ್ಯಾಂಕ್, ಒಂದೇ ಪೈಪು

ಮಲ್ಪೆ ಬಂದರಿನಲ್ಲಿ ಡೀಸೆಲ್ ಮಾತು ಬಂದರೆ ಅದು ದರದ ಮಾತು, ಇಲ್ಲವೇ ಕರರಹಿತ ಡೀಸೆಲ್ಲಿನ ಮಾತು. ದೋಣಿಗಳಿಗೆ ಕೊಡುವ ಈ ಡೀಸೆಲ್ಲಿನ ವಾರ್ಷಿಕ ಮಿತಿಯನ್ನು 2023ರ ರಾಜ್ಯ ಬಜೆಟ್ 1.5 ಲಕ್ಷ ಕಿಲೋಲೀಟರಿನಿಂದ 2 ಲಕ್ಷಕ್ಕೆ ಏರಿಸಿತು. ಸಿಕ್ಕ ಡೀಸೆಲ್ ಬೋಟಿನೊಳಗೆ ಎಲ್ಲಿ ಕೂರುತ್ತದೆ, ಯಾವ ದಾರಿಯಲ್ಲಿ ಎಂಜಿನ್ನಿಗೆ ಇಳಿಯುತ್ತದೆ ಎಂಬುದನ್ನು ಮಾತ್ರ ಕೇಳುವವರು ಕಡಿಮೆ. ಆಳಸಮುದ್ರಕ್ಕೆ ಹೋಗಿ ಹತ್ತು ದಿನ ದಡ ಕಾಣದ ಟ್ರಾಲ್ ಬೋಟಿಗೆ ಇದು ಸಣ್ಣ ವಿಷಯವಲ್ಲ.

ಎಂಜಿನ್ ಕೋಣೆಯ ಎಡಕ್ಕೊಂದು, ಬಲಕ್ಕೊಂದು ಟ್ಯಾಂಕ್. ತಳದಲ್ಲಿ ಎರಡನ್ನೂ ಕೂಡಿಸುವ ಪೈಪು. ವಾಲ್ವುಗಳೆಲ್ಲ ತೆರೆದೇ ಇರುತ್ತವೆ. ಪರಿಚಿತವಾದ ಈ ಏರ್ಪಾಟಿನ ಪರವಾಗಿ ಹೇಳುವುದೂ ಇದೆ. ಎರಡು ಕಡೆಯ ಮಟ್ಟ ತಾನಾಗಿ ಸಮವಾಗುತ್ತದೆ. ರಾತ್ರಿಯಿಡೀ ಬಲೆ ಎಳೆದು ಸುಸ್ತಾದ ಕಲಾಸಿ ನಿದ್ದೆಗಣ್ಣಿನಲ್ಲಿ ಕೆಳಗಿಳಿದು ಯಾವ ವಾಲ್ವನ್ನೂ ತಿರುಗಿಸಬೇಕಿಲ್ಲ. ಇಷ್ಟು ಅನುಕೂಲವನ್ನು ಬೋಟು ನಡೆಸುವ ತಂಡೇಲರು ಬಿಟ್ಟುಕೊಡಲು ಒಪ್ಪದಿರುವುದು ಸಹಜ.

ಆದರೆ ಹೀಗೆ ಕೂಡಿಸಿದ ಎರಡು ಟ್ಯಾಂಕ್ ಒಂದೇ ಟ್ಯಾಂಕಾಗಿಬಿಡುತ್ತದೆ. ಒಂದರ ತಳದಲ್ಲಿ ನೀರೋ ಕೆಸರೋ ಇದ್ದರೆ ಎರಡಕ್ಕೂ ಅದೇ ಗತಿ. ಇನ್ನೊಂದು ತೊಂದರೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಸಾವಿರ ಲೀಟರ್ ಡೀಸೆಲ್ ಅಂದರೆ ಸುಮಾರು 830 ಕಿಲೋ. ಬಲೆಯ ಭಾರಕ್ಕೋ ಗಾಳಿಗೋ ಬೋಟು ಒಂದು ಮಗ್ಗುಲಿಗೆ ವಾಲಿ ಸ್ವಲ್ಪ ಹೊತ್ತು ಹಾಗೇ ನಿಂತರೆ, ತೆರೆದ ಪೈಪಿನಲ್ಲಿ ಡೀಸೆಲ್ ತಗ್ಗಿನ ಕಡೆಗೇ ಹರಿಯುತ್ತದೆ, ವಾಲಿದ್ದು ಇನ್ನಷ್ಟು ವಾಲುತ್ತದೆ. ಮಟ್ಟ ಸಮ ಮಾಡಲೆಂದು ಹಾಕಿದ ಪೈಪು ಬೇಡದ ಹೊತ್ತಿನಲ್ಲಿ ತಿರುಗಿ ಬೀಳುವುದು ಹೀಗೆ.

ಹಾಗಾದರೆ ಒಂದು ಟ್ಯಾಂಕ್ ಮುಗಿಸಿ ಇನ್ನೊಂದಕ್ಕೆ ಹೋಗುವುದೇ? ಅದೂ ಪೂರ್ತಿ ಸರಿಯಲ್ಲ. ಒಂದು ಮಗ್ಗುಲು ಖಾಲಿಯಾದರೆ ಬೋಟು ವಾಲದೆ ಇರದು. ಪೂರ್ತಿ ಬರಿದಾಗುವವರೆಗೆ ಕಾದರೆ ಲೈನಿಗೆ ಏರ್ ಹಿಡಿಯುತ್ತದೆ. ಅಲುಗಾಡುವ ಎಂಜಿನ್ ಕೋಣೆಯಲ್ಲಿ ಏರ್ ತೆಗೆಯುತ್ತ ಕೂರಬೇಕು. ರಿಟರ್ನ್ ಪೈಪಿನ ಪಾಡು ಇದಕ್ಕಿಂತ ಗೋಜಲು. ಡೀಸೆಲ್ ಎಂಜಿನ್ ಎಳೆದುಕೊಂಡದ್ದನ್ನೆಲ್ಲ ಉರಿಸುವುದಿಲ್ಲ, ಉಳಿದದ್ದನ್ನು ವಾಪಸು ಕಳಿಸುತ್ತದೆ. ಎಡದ ಟ್ಯಾಂಕಿನಿಂದ ಎಳೆದು ರಿಟರ್ನನ್ನು ಬಲಕ್ಕೇ ಬಿಟ್ಟಿದ್ದರೆ ಎಡ ಲೆಕ್ಕಕ್ಕಿಂತ ಬೇಗ ಬರಿದಾಗುತ್ತದೆ. ಮೊದಲೇ ತುಂಬಿದ್ದ ಬಲ ಗಾಳಿ ಕೊಳವೆಯಿಂದ ಉಕ್ಕಿ ಸಮುದ್ರಕ್ಕೆ ಸುರಿಯುತ್ತದೆ. ವಾಲ್ವ್ ಬದಲಿಸುವಾಗ ರಿಟರ್ನನ್ನೂ ಜೊತೆಗೇ ಬದಲಿಸದಿದ್ದರೆ ಟ್ಯಾಂಕ್ ಬೇರೆ ಇಟ್ಟೂ ಕೆಟ್ಟಂತೆ.

ಜೋಡಿ ಎಂಜಿನ್ನಿನ ನೌಕೆಗಳಲ್ಲಿ ಇದೇ ಪ್ರಶ್ನೆ ಹೆಚ್ಚು ಸ್ಪಷ್ಟವಾಗುತ್ತದೆ. ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸರ ವೇಗದೋಣಿಗಳಿಗಾಗಲಿ, ಇಲ್ಲಿನ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟುವ 62 ಟನ್ ಎಳೆಬಲದ ಟಗ್ಗುಗಳಿಗಾಗಲಿ ಎರಡು ಎಂಜಿನ್ ಕೊಡುವುದು ವೇಗಕ್ಕೂ ಬಲಕ್ಕೂ ಮಾತ್ರವಲ್ಲ, ಒಂದು ನಿಂತರೆ ಇನ್ನೊಂದರಲ್ಲಿ ದಡ ಸೇರಬಹುದು ಎಂದು. ಎರಡೂ ಒಂದೇ ಟ್ಯಾಂಕಿನ ನೀರು ಬೆರೆತ ಡೀಸೆಲ್ ಕುಡಿದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ನಿಲ್ಲುತ್ತವೆ. ಅದಕ್ಕೇ ಪ್ರತಿ ಎಂಜಿನ್ನಿಗೆ ಅದರದೇ ಟ್ಯಾಂಕ್, ಅದರದೇ ಫಿಲ್ಟರ್, ಅದಕ್ಕೇ ಹಿಂದಿರುಗುವ ರಿಟರ್ನ್. ನಡುವಿನ ಪೈಪು ಇರಲಿ, ಅದರ ವಾಲ್ವ್ ಮುಚ್ಚಿರಲಿ, ಬೇಕಾದಾಗ ಮಾತ್ರ ತೆರೆಯಲಿ.

ನಮ್ಮ ಟ್ರಾಲ್ ಬೋಟಿಗೆ ಸಾಮಾನ್ಯವಾಗಿ ಎಂಜಿನ್ ಒಂದೇ. ಹಾಗಾಗಿ ಈ ಪದ್ಧತಿಯನ್ನು ಇದ್ದಂತೆ ತರಲಾಗದು, ಅದರ ಅರ್ಧವನ್ನು ತರಬಹುದು. ನಡುವಿನ ವಾಲ್ವ್ ಮುಚ್ಚಿ, ದಿನಕ್ಕೊಂದು ಟ್ಯಾಂಕಿನಂತೆ ಎಡಬಲ ಬದಲಿಸುತ್ತ ಹೋದರೆ ವಾಲುವಿಕೆ ಮಿತಿಯಲ್ಲಿರುತ್ತದೆ, ಒಂದು ಟ್ಯಾಂಕ್ ಕೆಟ್ಟರೂ ಇನ್ನೊಂದು ಉಳಿದಿರುತ್ತದೆ. ಬದಲಿಸುವುದು ಹಗಲಲ್ಲಿ, ತೆರೆದ ಸಮುದ್ರದಲ್ಲಿ. ಅಳಿವೆ ಬಾಯಿಗೆ ಬಂದಾಗಲೋ ಸೇಂಟ್ ಮೇರೀಸ್ ದ್ವೀಪದ ಬಂಡೆಗಳ ಸಮೀಪದಲ್ಲೋ ವಾಲ್ವ್ ಮುಟ್ಟುವವನ ಧೈರ್ಯವನ್ನು ಮೆಚ್ಚಲಾರೆ. ಮಟ್ಟ ನೋಡಲು ಗೇಜಿಗಿಂತ ಅಳತೆಯ ಕೋಲನ್ನೇ ನಂಬುತ್ತೇನೆ, ಅದು ಕೆಡುವುದಿಲ್ಲ.

ಇನ್ನು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲ. ಆ 61 ದಿನಗಳ ಮಳೆಗಾಲದ ತೇವದಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆ ಬೆವರುತ್ತದೆ, ಹನಿಗಳು ತಳ ಸೇರುತ್ತವೆ. ಡೀಸೆಲ್ಲೂ ನೀರೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತದೆ. ಟ್ಯಾಂಕ್ ತುಂಬಿಸಿಟ್ಟರೆ ಒಳ್ಳೆಯದು ಎನ್ನುವುದು ಸುಲಭ, ಅಷ್ಟು ಹಣವನ್ನು ಎರಡು ತಿಂಗಳು ಸುಮ್ಮನೆ ಹೂಡುವುದು ಎಲ್ಲ ಮಾಲೀಕರಿಗೂ ಆಗದು. ಆಗದವರು ಆಗಸ್ಟಿನಲ್ಲಿ ಬೋಟು ಇಳಿಸುವ ಮುನ್ನ ಎರಡೂ ಟ್ಯಾಂಕುಗಳ ತಳದ ಕಾಕ್ ತೆರೆದು, ಸ್ವಚ್ಛ ಡೀಸೆಲ್ ಬರುವವರೆಗೆ ನೀರನ್ನು ಡಬ್ಬಿಗೆ ಹಿಡಿಯಲಿ, ಹೊಸ ಫಿಲ್ಟರ್ ಹಾಕಲಿ. ಬಂದರಿನ ನೀರಿಗೆ ಮಾತ್ರ ಚೆಲ್ಲಬೇಡಿ.