‘ಹೋಗಿ ಬರುತ್ತೇನೆ’: ಬೀಳ್ಕೊಡುಗೆಯ ಮಾತಿನ ವಿವೇಚನೆ

ಹೊರಡುವವನು ‘ಹೋಗುತ್ತೇನೆ’ ಎನ್ನಬಾರದೆಂಬುದು ಕನ್ನಡ ಮನೆಗಳಲ್ಲಿ ಎಳವೆಯಲ್ಲಿಯೇ ಕಲಿಸುವ ಶಿಷ್ಟಾಚಾರ. ಹೊಸ್ತಿಲು ದಾಟುವವನು ‘ಹೋಗಿ ಬರುತ್ತೇನೆ’ ಎನ್ನಬೇಕು. ಒಳಗಿನವರು ‘ಹೋಗಿ ಬಾ’ ಎಂದು ಹರಸಬೇಕು. ಇದನ್ನು ಅಮಂಗಲದ ಅಂಜಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಭಾಷೆಯ ಸಾಕ್ಷ್ಯ ಅಷ್ಟಕ್ಕೇ ನಿಲ್ಲುವುದಿಲ್ಲ.

‘ಹೋಗಿ’ ಎಂಬುದು ಕೃದಂತಾವ್ಯಯ. ಅದು ತಾನಾಗಿ ವಾಕ್ಯವನ್ನು ಮುಗಿಸಲಾರದು. ಪೂರ್ಣಕ್ರಿಯೆಯ ಅಧಿಕಾರವಿರುವುದು ‘ಬರುತ್ತೇನೆ’ಗೆ. ಹೋಗುವಿಕೆಯು ಬರುವಿಕೆಗೆ ಅಧೀನವೆಂಬುದನ್ನು ವ್ಯಾಕರಣವೇ ಹೇಳುತ್ತದೆ. ಧಾರವಾಡದ ‘ಬರ್ತೇನ್ರಿ’ಯಲ್ಲಂತೂ ಹೋಗುವ ಮಾತೇ ಇಲ್ಲ. ಪುಣೆಯ ಸದಾಶಿವ ಪೇಠದ ಮನೆಗಳಲ್ಲಿ ಕೇಳಿಬರುವ ಮರಾಠಿಯ ‘ಯೇತೋ’, ‘ಯೇತೇ’ಗಳ ಅರ್ಥವೂ ಇದೇ. ತಮಿಳರೂ ತೆಲುಗರೂ ಹೋಗಿ ಬರುವ ಮಾತನ್ನೇ ಆಡುವರು. ಇಂಗ್ಲಿಷಿನ ‘ಗುಡ್ ಬೈ’ ಮೂಲತಃ ದೇವರು ಜೊತೆಗಿರಲೆಂಬ ಹಾರೈಕೆ. ಅಲ್ಲಿ ಹೊಣೆ ದೇವರದು. ನಮ್ಮಲ್ಲಿ ಹೊಣೆ ಹೊರಟವನದೇ.

‘ಬೀಳ್ಕೊಡು’, ‘ಬೀಳ್ಕೊಳ್ಳು’ ಎಂಬ ಜೋಡಿಯೂ ವಿಚಾರಾರ್ಹ. ಒಬ್ಬರು ಕೊಡಬೇಕು, ಇನ್ನೊಬ್ಬರು ಕೊಳ್ಳಬೇಕು. ಅಗಲಿಕೆಯೂ ಇಬ್ಬರ ನಡುವಣ ವ್ಯವಹಾರವೇ. ಆಮಂತ್ರಣ ಪತ್ರಿಕೆಗಳ ‘ವಿದಾಯ’ದಲ್ಲಿ ಈ ಕೊಡುಕೊಳೆ ಕಾಣದು.

ಇದು ಬರಿಯ ಉಪಚಾರವಾಗಿದ್ದರೆ ಎಲ್ಲೆಡೆಯೂ ಸಲ್ಲಬೇಕಿತ್ತು. ಆದರೆ ಸಾವಿನ ಮನೆಯಿಂದ ಹೊರಡುವವರು ‘ಬರುತ್ತೇನೆ’ ಎನ್ನದೆ ಮೌನವಾಗಿ ಎದ್ದುಹೋಗುವರು. ಅಂಥ ಸಂದರ್ಭಕ್ಕೆ ಮತ್ತೆ ಬರುವಂತಾಗಬಾರದಷ್ಟೆ. ಮಾತಿಗೆ ಅರ್ಥ ಉಳಿದಿದೆಯೆಂಬುದಕ್ಕೆ ಈ ಮೌನಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಸಾಹಿತ್ಯದಲ್ಲಿಯೂ ಅಗಲಿಕೆಯ ತಿರುಳು ಮರಳುವಿಕೆಯ ಪ್ರಶ್ನೆಯೇ. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಕಾಳಿದಾಸನ ‘ಶಾಕುಂತಲ’ದ ನಾಲ್ಕನೆಯ ಅಂಕದಲ್ಲಿ ಕಣ್ವನು ನೀರಿನ ಅಂಚಿನವರೆಗೆ ಮಗಳೊಡನೆ ನಡೆಯುತ್ತಾನೆ, ದಾರಿ ಮಂಗಳಕರವಾಗಲೆಂದು ಹರಸುತ್ತಾನೆ. ಆದರೆ ಶಕುಂತಲೆ ಕೇಳುವುದು ತಪೋವನವನ್ನು ಮತ್ತೆ ಎಂದು ಕಾಣುವೆನೆಂದು. ಮಗನಿಗೆ ರಾಜ್ಯಭಾರವನ್ನು ವಹಿಸಿದ ಮೇಲೆ ಗಂಡನೊಡನೆ ಬರುವೆಯೆಂಬುದು ತಂದೆಯ ಉತ್ತರ. ಕಣ್ಣೀರಿಗಿಂತ ಈ ಪ್ರಶ್ನೋತ್ತರವೇ ಹೃದಯವಿದ್ರಾವಕ: ಮರಳುವ ಭರವಸೆಯಿದೆ, ಅದಕ್ಕೊಂದು ಆಯುಷ್ಯದ ದೂರವಿದೆ. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಗ್ರಹದಲ್ಲಿಯೂ ತವರಿನ ಹಂಬಲದ ಬೇರು ಇಲ್ಲಿಯೇ ಇದೆ.

ಸದಾಶಿವ ಪೇಠಕ್ಕೆ ಹೆಸರಾದ ಸದಾಶಿವರಾವ್ ಭಾವು 1761ರ ಪಾಣಿಪತ್ತಿನಿಂದ ಮರಳಲಿಲ್ಲ. ಈ ಪೇಠದ ಅಂಚಿನ ಲಕ್ಷ್ಮೀ ರಸ್ತೆಯಲ್ಲಿ ಸಾಗುವ ಗಣಪತಿಯನ್ನಾದರೋ, ಮುಂದಿನ ವರ್ಷ ಬೇಗ ಬಾರೆಂದು ಕೂಗಿಯೇ ಜನ ಕಳುಹಿಸುವರು. ಬರುವ ಮಾತಿಗೆ ಈಡೇರುವ ಖಾತರಿಯಿಲ್ಲ. ಖಾತರಿಯಿಲ್ಲದಿರುವುದರಿಂದಲೇ ಅದನ್ನು ಆಡಬೇಕಾಗಿದೆ.

ಇಲ್ಲಿ ನೆಲೆಸಿದ ಕನ್ನಡಿಗನಿಗೆ ಈ ಮಾತು ಇಬ್ಬಗೆಯ ಸಾಲ. ಊರಿಗೆ ಹೊರಟಾಗ ನೆರೆಯವರಿಗೆ ‘ಯೇತೋ’ ಎನ್ನುವನು. ರಜೆ ಮುಗಿದು ಊರು ಬಿಡುವಾಗ ತಾಯಿಗೆ ‘ಹೋಗಿ ಬರುತ್ತೇನವ್ವಾ’ ಎನ್ನುವನು. ಎರಡೂ ಕಡೆ ಬರುವವನೇ. ಹಾಗಾದರೆ ಅವನು ಹೋಗುವುದೆಲ್ಲಿಗೆ? ವ್ಯಾಕರಣ ಇದಕ್ಕೆ ಉತ್ತರ ಕೊಡದು. ಆದರೆ ಆತನ ಮಕ್ಕಳು ಅಜ್ಜಿಯ ಹೊಸ್ತಿಲಲ್ಲಿ ನಿಂತು ಯಾವ ಮಾತನ್ನಾಡುವರೆಂಬುದನ್ನು ಗಮನಿಸಿದರೆ, ಕನ್ನಡ ಆ ಮನೆಯಲ್ಲಿ ಎಷ್ಟು ಉಳಿದಿದೆಯೆಂಬುದು ತಿಳಿಯುತ್ತದೆ.