ಗುಮ್ಮಟ ಬಂತು, ಜಗಲಿ ಹೋಯಿತು

ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ‘ಮಿನಿ ವಿಧಾನಸೌಧ ಎಲ್ಲಿ?’ ಎಂದು ಕೇಳಿದರೆ ದಾರಿ ಹೇಳದವರಿಲ್ಲ. ಬೋರ್ಡಿನಲ್ಲಿ ಈಚೆಗೆ ಆಡಳಿತ ಸೌಧ, ಪ್ರಜಾಸೌಧ ಎಂದೆಲ್ಲ ಬರೆಸಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರೇ. ಕಟ್ಟಡವೂ ದೂರದಿಂದಲೇ ಗೊತ್ತಾಗುತ್ತದೆ: ನೆತ್ತಿಗೊಂದು ಸಿಮೆಂಟಿನ ಗುಮ್ಮಟ, ಮುಂದೆ ನಾಲ್ಕು ಕಂಬ, ಕಂಬದ ಕೆಳಗೆ ನುಣ್ಣನೆಯ ಗ್ರಾನೈಟಿನ ಮೆಟ್ಟಿಲು. ನಮ್ಮ ಸರ್ಕಾರಿ ಕಟ್ಟಡಗಳಿಗೆ ಒಂದು ಶೈಲಿ ಇದೆ ಎನ್ನುವುದಾದರೆ ಅದು ಇದೇ. ದಶಕಗಳಿಂದ ಒಂದೇ ಕಟ್ಟಡವನ್ನು ನಕಲು ಮಾಡುತ್ತ ಬಂದಿದ್ದೇವೆ, ಅದೂ ಅರ್ಧಂಬರ್ಧ.

ಮೂಲವಾದ ಬೆಂಗಳೂರಿನ ವಿಧಾನಸೌಧದ ಬಗ್ಗೆ ಹಗುರವಾಗಿ ಮಾತಾಡುವಂತಿಲ್ಲ. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದಾಗ ಯೋಚನೆಯಲ್ಲಿದ್ದದ್ದು ಸಾದಾ ಕಟ್ಟಡ. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ನಕ್ಷೆಯನ್ನೇ ಬದಲಿಸಿದರು. ಎದುರಿಗೆ ಬ್ರಿಟಿಷರ ಕಾಲದ ಅಠಾರಾ ಕಚೇರಿ ಗ್ರೀಕರ ಮಾದರಿಯ ಕಂಬಗಳನ್ನು ಹೊತ್ತು ಕೆಂಪಗೆ ನಿಂತಿತ್ತು. ಅದಕ್ಕೆ ಉತ್ತರ ಕೊಡುವಂಥ ಕಟ್ಟಡ ಅವರಿಗೆ ಬೇಕಿತ್ತು. ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕಂ ದ್ರಾವಿಡ ದೇವಾಲಯದ ಕಂಬ ಬೋದಿಗೆಗಳನ್ನು, ಅರಮನೆಗಳ ಗುಮ್ಮಟ ಕಮಾನುಗಳನ್ನು ಒಟ್ಟಿಗೆ ತಂದರು. ಮಲ್ಲಸಂದ್ರ, ಹೆಸರಘಟ್ಟದ ಕಲ್ಲು. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕಪ್ಪು ಕಲ್ಲು. ಸಂಪುಟದ ಕೋಣೆಗೆ ಗಂಧದ ಬಾಗಿಲು. ಉಳಿ ಹಿಡಿದವರು ಸಾವಿರಕ್ಕೂ ಮೇಲೆ, ಕೂಲಿಗಳಲ್ಲಿ ಜೈಲಿನ ಕೈದಿಗಳೂ ಇದ್ದರು. ದುಂದುವೆಚ್ಚದ ಕೂಗೆದ್ದು ವಿಚಾರಣೆ ನಡೆಯಿತು. 1956ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ಹನುಮಂತಯ್ಯನವರೇ ಕುರ್ಚಿಯಲ್ಲಿರಲಿಲ್ಲ. ಆಗ ವೆಚ್ಚ ನೋಡಿ ಬೈದವರ ಮೊಮ್ಮಕ್ಕಳು ಇವತ್ತು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ವಾದ ಮುಗಿದಂತೆಯೇ.

ನನ್ನ ತಕರಾರು ಆ ಎದುರು ಮೆಟ್ಟಿಲಿನದು. ಇನ್ನೂರು ಅಡಿಗೂ ಮಿಕ್ಕಿದ ಅಗಲ, ನಲವತ್ತಕ್ಕೂ ಹೆಚ್ಚು ಮೆಟ್ಟಿಲು. ಇಷ್ಟು ದೊಡ್ಡದಾಗಿ ಜನರನ್ನು ಕರೆಯುವ ಕಟ್ಟಡ ನಾಡಿನಲ್ಲಿ ಇನ್ನೊಂದಿಲ್ಲ. ಆದರೆ ಆ ಮೆಟ್ಟಿಲಿಗೆ ಕೆಲಸ ಬೀಳುವುದು ಪ್ರಮಾಣವಚನದಂಥ ಸಮಾರಂಭಗಳಿಗೆ. ಅರ್ಜಿ ಹಿಡಿದು ಬಂದವನು ಪಾಸ್ ಬರೆಸಿಕೊಂಡು ಪಕ್ಕದ ಗೇಟಿನಿಂದ ಒಳಗೆ ಹೋಗಬೇಕು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹವಂತೂ ಕಟ್ಟಡದ ಹಣೆಯ ಮೇಲಿದೆ. ದೇವರ ಗುಡಿಯಲ್ಲಾದರೆ ದರ್ಶನ ತಡವಾದರೂ ಪ್ರಾಕಾರದ ನೆರಳಲ್ಲಿ ಕೂರಲು ಕಲ್ಲಿನ ಕಟ್ಟೆಯಿರುತ್ತದೆ. ಸರ್ಕಾರಿ ಕಟ್ಟಡಕ್ಕೆ ಬರುವವರು ಮಾಡುವ ಮುಖ್ಯ ಕೆಲಸವೇ ಕಾಯುವುದು. ಆ ಕಾಯುವಿಕೆಗೆ ನಕ್ಷೆಯಲ್ಲಿ ಜಾಗ ಕೊಡಬೇಕೆಂದು ಈ ಪರಂಪರೆಗೆ ಹೊಳೆದೇ ಇಲ್ಲ.

ಮರಿ ಸೌಧಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಮೂಲದಲ್ಲಿದ್ದ ಕಲ್ಲಿನ ದಪ್ಪ ಗೋಡೆ, ಎತ್ತರದ ತಾರಸಿ, ಒಳ ಅಂಗಳ ಯಾವುದೂ ಇಲ್ಲಿಗೆ ಬರಲಿಲ್ಲ. ಬಂದದ್ದು ಗುಮ್ಮಟ, ಮೆಟ್ಟಿಲು. ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ನೋಡಿ. ಪಹಣಿ ತಿದ್ದುಪಡಿಗೆ ಬಂದ ರೈತ, ಪಿಂಚಣಿ ನಿಂತುಹೋದ ಅಜ್ಜಿ, ಜಾತಿ ಪ್ರಮಾಣಪತ್ರಕ್ಕೆ ಬಂದ ಕಾಲೇಜು ಹುಡುಗ, ಎಲ್ಲರೂ ಮೆಟ್ಟಿಲ ಅಂಚಿನಲ್ಲಿ ನೆರಳು ಸರಿದಂತೆಲ್ಲ ತಾವೂ ಸರಿಯುತ್ತ ಕೂತಿರುತ್ತಾರೆ. ಮಳೆ ಬಿದ್ದರೆ ಗ್ರಾನೈಟ್ ಜಾರುತ್ತದೆ. ಆಮೇಲೆ ಕಟ್ಟಿದ ರ‍್ಯಾಂಪು ಎಷ್ಟು ಕಡಿದಾಗಿರುತ್ತದೆಂದರೆ ಗಾಲಿಕುರ್ಚಿಯವರು ಅದನ್ನು ಹತ್ತುವುದಕ್ಕಿಂತ ಸಾಹೇಬರೇ ಇಳಿದು ಬರುವುದು ಸುಲಭ. ಒಳಗಿನ ಓಣಿಯಲ್ಲಿ ಹಗಲೂ ಟ್ಯೂಬ್‌ಲೈಟ್ ಬೇಕು. ಹೊರಗೆ ಹೊಂಗೆ ಮರದ ಕೆಳಗೆ ಪತ್ರ ಬರಹಗಾರರು ಮೇಜು, ಪ್ರಿಂಟರ್, ಎರಡು ಬೆಂಚು ಹಾಕಿಕೊಂಡಿರುತ್ತಾರೆ. ಜನರಿಗೆ ನಿಜವಾದ ಕಚೇರಿ ಅದೇ ಅನ್ನಿಸಿದರೆ ತಪ್ಪೇನು? ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾಯಿತು. ಗಾತ್ರ ಹೆಚ್ಚಿತೇ ಹೊರತು ಹೊಸ ಯೋಚನೆ ಅಲ್ಲಿಯೂ ಇಲ್ಲ.

ಬೇರೆ ದಾರಿ ನಮಗೆ ಗೊತ್ತಿರಲಿಲ್ಲವೆಂದಲ್ಲ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ವಿಮಾನ ವಿಜ್ಞಾನ ವಿಭಾಗ, ಊಟದ ಹಾಲ್ ಮುಂತಾದ ಕಟ್ಟಡಗಳನ್ನು ಮಾಡಿದ ಅವರು ಮೊದಲು ಕೇಳುತ್ತಿದ್ದದ್ದು ಬಿಸಿಲು ಯಾವ ಕಡೆಯಿಂದ, ಗಾಳಿ ಯಾವ ಕಡೆಯಿಂದ ಎಂದು. ಚಾಚಿದ ಸಜ್ಜಾ, ಎದುರುಬದುರು ಕಿಟಕಿ, ಆಡಂಬರ ಕಡಿಮೆ. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನೇ ಪಾಠವಾಗಿ ಕಲಿಸಿದರು. ಅವರಿಂದ ಕಲಿಯಬೇಕಾಗಿದ್ದ ನಮ್ಮ ಲೋಕೋಪಯೋಗಿ ಇಲಾಖೆ ಕಲಿತದ್ದು ಕಾಣುವುದಿಲ್ಲ.

ಇನ್ನೊಂದು ಉದಾಹರಣೆ ಬನ್ನೇರುಘಟ್ಟ ರಸ್ತೆಯ ಐಐಎಂ. 1970ರ ದಶಕದ ಕೊನೆಗೆ ಬಿ.ವಿ. ದೋಶಿ ಅದನ್ನು ವಿನ್ಯಾಸ ಮಾಡುವಾಗ ಅವರ ಮನಸ್ಸಿನಲ್ಲಿದ್ದದ್ದು ಫತೇಪುರ್ ಸಿಕ್ರಿ ಮತ್ತು ದಕ್ಷಿಣದ ಗುಡಿಗಳ ಪ್ರಾಕಾರ. ಒರಟು ಬೂದುಗಲ್ಲಿನ ಗೋಡೆ, ಉದ್ದೋ ಉದ್ದ ಮೊಗಸಾಲೆಗಳು. ಒಂದೆಡೆ ಮಾಡು, ಒಂದೆಡೆ ಬರಿಯ ತೊಲೆಗಳು, ಅವುಗಳ ಮೇಲೆ ಬಳ್ಳಿ, ಸಂದಿನಿಂದ ಆಕಾಶ. ತರಗತಿಗಿಂತ ತರಗತಿಗೆ ಹೋಗುವ ದಾರಿಗೆ ಅಷ್ಟೊಂದು ಜಾಗ ಕೊಟ್ಟಿದ್ದಾರೆ, ಮಾತು ನಡೆಯುವುದು ಅಲ್ಲೇ ಎಂಬ ನಂಬಿಕೆಯಿಂದ. (‘3 ಈಡಿಯಟ್ಸ್’ ಸಿನಿಮಾದ ಕಾಲೇಜು ಇದೇ ಎಂದರೆ ಬಹಳ ಜನಕ್ಕೆ ಥಟ್ಟನೆ ಗೊತ್ತಾಗುತ್ತದೆ.) ಮಳೆಗಾಲದಲ್ಲಿ ಕಲ್ಲು ಪಾಚಿಗಟ್ಟುತ್ತದೆ, ಎರಚಲು ಒಳಗೆ ಬರುತ್ತದೆ, ನಿಜ. ಇದಕ್ಕಿಂತ ದೊಡ್ಡ ಕೊರತೆ ಬೇರೆ: ಇಷ್ಟು ಉದಾರವಾದ ಮೊಗಸಾಲೆ ಕಾವಲಿನ ಗೇಟಿನ ಒಳಗೆ, ಆಯ್ದ ಕೆಲವರಿಗೆ ಮಾತ್ರ. 2018ರಲ್ಲಿ ದೋಶಿಯವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ನಾವು ಸಂಭ್ರಮಪಟ್ಟೆವು. ತಾಲ್ಲೂಕು ಕಚೇರಿಗೆ ಅಂಥದ್ದೊಂದು ಮೊಗಸಾಲೆ ಬೇಕೆಂದು ಯಾರೂ ಕೇಳಲಿಲ್ಲ.

ಅದಕ್ಕೆ ದೋಶಿಯೇ ಬರಬೇಕೆಂದೂ ಇಲ್ಲ. ಹಳೆಯ ಹೆಂಚಿನ ಸರ್ಕಾರಿ ಶಾಲೆಗಳಲ್ಲಿ ಅದು ಆಗಲೇ ಇತ್ತು. ಕೋಣೆಗಳ ಸಾಲು, ಅದರ ಮುಂದೆ ಎಂಟಡಿ ಜಗಲಿ, ಮರದ ಕಂಬ. ಮಳೆಗಾಲದಲ್ಲಿ ಪ್ರಾರ್ಥನೆ ಅಲ್ಲಿ, ಬಿಸಿಯೂಟ ಅಲ್ಲಿ, ಮಗುವನ್ನು ಕರೆದೊಯ್ಯಲು ಬಂದ ಅಪ್ಪ ಕೂರುವುದೂ ಅಲ್ಲಿ. ಚುನಾವಣೆಯ ದಿನ ಊರೇ ಅಲ್ಲಿ ಸಾಲು ನಿಲ್ಲುತ್ತದೆ. ಆರ್‌ಸಿಸಿ ಬಂದ ಮೇಲೆ ಜಗಲಿ ನಾಲ್ಕಡಿಗೆ ಇಳಿದು ಓಡಾಡುವ ದಾರಿಯಷ್ಟೇ ಆಯಿತು. ಖರ್ಚು ಉಳಿಸಲು ಮೊದಲು ಕತ್ತರಿ ಬೀಳುವುದೇ ಅದಕ್ಕೆ.

2022ರ ನವೆಂಬರಿನಲ್ಲಿ ‘ವಿವೇಕ’ ಯೋಜನೆಯಡಿ ಏಳು ಸಾವಿರಕ್ಕೂ ಹೆಚ್ಚು ಶಾಲಾ ಕೊಠಡಿಗಳನ್ನು ಕಟ್ಟುವುದಾಗಿ ಸರ್ಕಾರ ಹೇಳಿತು. ಶಾಲಾ ವಾಸ್ತುಶಿಲ್ಪದ ಬಗ್ಗೆ ನಾಡಿನಲ್ಲಿ ಅಷ್ಟು ಜೋರು ಚರ್ಚೆ ನಡೆದದ್ದು ನನಗೆ ನೆನಪಿಲ್ಲ. ಪತ್ರಿಕೆಗಳ ಮುಖಪುಟ, ಟಿವಿಯ ರಾತ್ರಿ ಜಗಳ ಎಲ್ಲ ಅದೇ. ಚರ್ಚೆಯ ವಿಷಯ, ಗೋಡೆಗೆ ಕೇಸರಿ ಬಣ್ಣ ಹೊಡೆಯಬೇಕೇ ಬೇಡವೇ ಎಂಬುದು. ಕಿಟಕಿ ಎಷ್ಟು, ಜಗಲಿ ಎಷ್ಟು ಅಡಿ ಎಂದು ಆಳುವ ಪಕ್ಷವೂ ಹೇಳಲಿಲ್ಲ, ವಿರೋಧ ಪಕ್ಷವೂ ಕೇಳಲಿಲ್ಲ.