ಚೇಳೂರಿನ ಸಿದ್ದು ಹಲಸು

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಎಸ್.ಕೆ. ಸಿದ್ದಪ್ಪನವರು ನೆಟ್ಟು, ಅವರ ಮಗ ಎಸ್.ಎಸ್. ಪರಮೇಶ್ ಅವರು ಉಳಿಸಿಕೊಂಡು ಬಂದ ಒಂದು ಹಲಸಿನ ಮರವು, ಇಂದು ‘ಸಿದ್ದು’ ಎಂಬ ಹೆಸರಿನ ತಳಿಯಾಗಿ ನಾಡಿನ ಅನೇಕ ತೋಟಗಳನ್ನು ಸೇರಿದೆ. ಹತ್ತಾರು ಕಿಲೋ ತೂಗುವ, ಕೊಯ್ದರೆ ಕೇರಿಗೆಲ್ಲ ಹಂಚಬೇಕಾಗುವ ಸಾಮಾನ್ಯ ಹಲಸಿಗೆ ಹೋಲಿಸಿದರೆ ಇದರ ಹಣ್ಣು ಸರಾಸರಿ ಎರಡೂವರೆ ಕಿಲೋ ಮಾತ್ರ ಇದ್ದು, ಸಣ್ಣ ಸಂಸಾರಕ್ಕೆ ಹೇಳಿ ಮಾಡಿಸಿದಂತಿದೆ. ತಾಮ್ರಗೆಂಪಿನ ತೊಳೆಗಳಲ್ಲಿ ಲೈಕೋಪೀನ್, ಅಂದರೆ ಟೊಮೆಟೊಗೆ ಕೆಂಪು ಬಣ್ಣ ಕೊಡುವ ವರ್ಣದ್ರವ್ಯ, ಹೇರಳವಾಗಿದೆ. ರುಚಿಯಂತೂ ಬಣ್ಣಕ್ಕೆ ಸೋಲುವುದಿಲ್ಲ.

ಹಲಸು ಪರಕೀಯ ಪರಾಗಸ್ಪರ್ಶದ ಬೆಳೆ, ಅಂದರೆ ಒಂದು ಮರದ ಹೂವಿಗೆ ಇನ್ನೊಂದರ ಪರಾಗ ಸೇರಿ ಕಾಯಿಕಟ್ಟುವ ಜಾತಿ. ಆದ್ದರಿಂದ ಬೀಜದಿಂದ ಎದ್ದ ಸಸಿಯು ತಾಯಿಮರದ ಗುಣವನ್ನೇ ಪಡೆಯುವುದೆಂಬ ಖಾತರಿಯಿಲ್ಲ. ತಾಯಿಮರದ ಕುಡಿಯನ್ನು ಬೇರೊಂದು ಸಸಿಯ ಬೇರುಕಾಂಡಕ್ಕೆ ಕೂಡಿಸುವ ಕಸಿಯೊಂದೇ ಇದಕ್ಕೆ ಭರವಸೆಯ ದಾರಿಯೆಂದು ಅರಿತ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು, ತುಮಕೂರು ನಗರದ ಸಮೀಪದ ಹಿರೇಹಳ್ಳಿ ಕೇಂದ್ರದ ಮೂಲಕ 2017ರಲ್ಲಿ ಕುಟುಂಬದೊಡನೆ ಒಪ್ಪಂದ ಮಾಡಿಕೊಂಡು ಸಸಿಗಳ ಉತ್ಪಾದನೆಗೆ ತೊಡಗಿತು. ಮರವನ್ನು ಗುರುತಿಸಿದ ವಿಜ್ಞಾನಿಗಳ ಶ್ರಮ ಸಣ್ಣದಲ್ಲ. ಆದರೂ ಹೆಚ್ಚಿನ ಮೆಚ್ಚುಗೆ ಸಲ್ಲಬೇಕಾದುದು, ತಳಿಗೆ ಹೆಸರೇ ಇಲ್ಲದಿದ್ದ ಕಾಲದಲ್ಲಿಯೂ ಮರಕ್ಕೆ ಕೊಡಲಿ ತಾಗದಂತೆ ನೋಡಿಕೊಂಡ ಮನೆಯವರಿಗೆ. ತಳಿಗೆ ಸಿದ್ದಪ್ಪನವರ ಹೆಸರನ್ನೇ ಇಟ್ಟು, ಸಸಿ ಮಾರಾಟದ ಆದಾಯದಲ್ಲಿ ಕುಟುಂಬಕ್ಕೂ ಪಾಲು ನೀಡುವ ಏರ್ಪಾಟು ಆ ಒಪ್ಪಂದದಲ್ಲಿಯೇ ಸೇರಿತ್ತು.